ಕಾರಿನ ಹಣೆಗಿಟ್ಟ ವಿಭೂತಿ

“ಗುರುಗಳೇ, ಜ್ಞಾನವೆಂದರೆ ಬೆಳಕು ಎಂದು ಹೇಳಿಕೊಟ್ಟವರು ನೀವು. ಆ ಬೆಳಕನ್ನು ನಾನು ಒಂದು ಚೂರೂ ಉಳಿಸಿಕೊಳ್ಳದೆ ಜನರ ಮೇಲೆ ಸುರಿಯುತ್ತಿದ್ದೇನೆ. ಆದರೂ ಅವರು ಏಕೆ ಎದ್ದು ಹೋಗುತ್ತಾರೆ?”

ಕೇಳಿದವನು ಸದ್ಯೋಜಾತ. ಅವನು ಊರ ಮಠದ ಹಜಾರದಲ್ಲಿ ಪ್ರತಿ ಸೋಮವಾರ ಸಂಜೆ ಪ್ರವಚನ ಮಾಡುತ್ತಿದ್ದ. ಕೇಳಿಸಿಕೊಂಡವರು ಮರಿದೇವಯ್ಯನವರು. ಅವನಿಗೆ ಪ್ರವಚನ ಕಲಿಸಿದ ಗುರುಗಳು. ತಾವು ನಾಲ್ಕು ಜಿಲ್ಲೆಗಳಿಗೆ ಪ್ರವಚನಕಾರರನ್ನು ತಯಾರು ಮಾಡಿ ಕಳಿಸಿದ್ದಾಗಿ ಅವರು ಹೇಳಿಕೊಳ್ಳುತ್ತಿದ್ದರು. ಕೇಳುವವರು ಹೊಸಬರಾದರೆ ಜಿಲ್ಲೆಗಳು ಏಳಾಗುತ್ತಿದ್ದವು.

ಇದೇ ಪ್ರಶ್ನೆಯನ್ನು ಶಿಷ್ಯ ಆ ತಿಂಗಳಲ್ಲಿ ಐದನೆಯ ಸಲ ಕೇಳುತ್ತಿದ್ದ. ಮೊದಲನೆಯ ಸಲ ಗುರುಗಳು, ಕಡಿಮೆ ಮಾತನಾಡು ಎಂದಿದ್ದರು. ಶಿಷ್ಯ ಹೋಗಿ ಮಿತಭಾಷೆಯ ಮಹಿಮೆಯನ್ನು ಎರಡೂವರೆ ಗಂಟೆ ವಿವರಿಸಿದ. ಎರಡನೆಯ ಸಲ, ನಿಧಾನವಾಗಿ ಹೇಳು ಎಂದಿದ್ದರು. ಅವನು ಹೇಳಿದ್ದನ್ನೇ ನಿಧಾನವಾಗಿ ಹೇಳಿದ. ಒಂದು ಗಂಟೆ ಹೆಚ್ಚು ಹಿಡಿಯಿತು. ಮೂರನೆಯ ಸಲ ಗುರುಗಳು ಜ್ವರವೆಂದು ಕಂಬಳಿ ಹೊದ್ದುಕೊಂಡರು. ಶಿಷ್ಯ ಕಂಬಳಿಯ ಪಕ್ಕದಲ್ಲಿ ಕುಳಿತು ದೇಹ ನಶ್ವರ ಎಂದು ಸಮಾಧಾನ ಹೇಳಿದ. ನಾಲ್ಕನೆಯ ಸಲ ಅವನು ಬರುವುದನ್ನು ಕಂಡು ಗುರುಗಳು ಹಿತ್ತಿಲ ಬಾಗಿಲಿನಿಂದ ಹೊರಟುಹೋದರು.

ಈ ಸಲ ಹೋಗುವಂತಿರಲಿಲ್ಲ. ಅವನ ಕಣ್ಣಿನಲ್ಲಿ ನೀರಿತ್ತು. ಕೈಯಲ್ಲಿ ಮಠದ ಸಮಿತಿಯವರ ಕಾಗದವಿತ್ತು. ಬರುವ ಸೋಮವಾರವೂ ಹತ್ತು ಜನರಿಗಿಂತ ಕಡಿಮೆ ಕೇಳುಗರಿದ್ದರೆ ಪ್ರವಚನವನ್ನು ನಿಲ್ಲಿಸಲಾಗುವುದು ಎಂದು ಅದರಲ್ಲಿ ಬರೆದಿತ್ತು. ಮೊದಲ ಸೋಮವಾರ ಎಂಬತ್ತು ಜನ ಇದ್ದರು. ಕಳೆದ ಸೋಮವಾರ ಒಂಬತ್ತು. ಆ ಒಂಬತ್ತರಲ್ಲಿ ಒಬ್ಬ ಮೈಕಿನವನು, ಒಬ್ಬ ಹಜಾರಕ್ಕೆ ಬೀಗ ಹಾಕುವವನು. ಪ್ರವಚನ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಗುರುಗಳೇ, ನನ್ನ ಜೀವವೇ ಅದು ಎಂದು ಸದ್ಯೋಜಾತ ಹೇಳಿದ. ಅದು ಸುಳ್ಳಾಗಿರಲಿಲ್ಲ.

ಹೋದ ವಾರ ಏನು ಹೇಳಿದೆ ಎಂದು ಗುರುಗಳು ಕೇಳಿದರು. ಶಿಷ್ಯ ಕಣ್ಣೊರೆಸಿಕೊಂಡು ಹುರುಪಿನಿಂದ ಹೇಳತೊಡಗಿದ. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಕುಳಿತಿದ್ದಳು. ಅವಳ ಮಗ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಸತ್ತವರಿಗಾಗಿ ಅಳುವುದು ಅಜ್ಞಾನದ ಲಕ್ಷಣ ಎಂದು ಅಂದಿನ ಪ್ರವಚನದಲ್ಲಿ ಬಂತು. ಆಕೆ ಎದ್ದು ಹೋದಳು. ಅವಳ ಹಿಂದೆ ಹೊಸದಾಗಿ ಮದುವೆಯಾದ ಇಬ್ಬರು ಇದ್ದರು. ಸಂಸಾರವೆಂಬುದು ಹಾವಿನ ಹೆಡೆಯ ನೆರಳು ಎಂದು ಬಂತು. ಅವರೂ ಎದ್ದರು. ಎಂಟು ಗಂಟೆಯ ಕೊನೆಯ ಬಸ್ಸು ಹಿಡಿಯಬೇಕಾದ ನಾಲ್ವರು ಬಾಗಿಲ ಹತ್ತಿರ ಇದ್ದರು. ಎಂಟಕ್ಕೆ ಐದು ನಿಮಿಷವಿರುವಾಗ ಮುಕ್ತಿಯ ಆರು ಮೆಟ್ಟಿಲುಗಳಲ್ಲಿ ಎರಡನೆಯದು ನಡೆಯುತ್ತಿತ್ತು.

“ಒಂದು ಸುಳ್ಳು ಮಾತು ಹೇಳಿಲ್ಲ ಗುರುಗಳೇ. ಎಲ್ಲವೂ ಸತ್ಯ.”

ಮರಿದೇವಯ್ಯನವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಮೇಲೆ ಕೈ ತೆಗೆದು ಹೀಗೆ ಹೇಳಿದರು.

ಸತ್ಯ ಎಂದೆಯಲ್ಲ. ಹಾಗಾದರೆ ನನ್ನದೂ ಒಂದು ಕೇಳು. ಇದರಲ್ಲಿ ಒಂದೊಂದು ಅಕ್ಷರವೂ ನಿಜ. ನನ್ನ ಕೊರಳ ಲಿಂಗದಾಣೆ. ಅದು ಸಾಲದಿದ್ದರೆ ನನ್ನ ಹೆಂಡತಿಯ ಕೈ ಅಡುಗೆಯಾಣೆ. ಸುಳ್ಳು ಹೇಳಿ ಆ ಅಡುಗೆಯನ್ನು ಕಳೆದುಕೊಳ್ಳುವಷ್ಟು ಧೈರ್ಯ ನನಗಿಲ್ಲ. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಕಾಣುವ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪ್ರಾಯದಲ್ಲಿ ನಾನು ಎಂಬತ್ತು ಮಾರು ದೂರದ ಇರುವೆಯನ್ನು ಕಂಡು ಅದು ಹೋಗುತ್ತಿದೆಯೋ ಬರುತ್ತಿದೆಯೋ ಹೇಳುತ್ತಿದ್ದೆ. ಇರುವೆಗಳೂ ಒಪ್ಪಿಕೊಳ್ಳುತ್ತಿದ್ದವು.

ಒಬ್ಬ ಅರಿಸಿನದ ವ್ಯಾಪಾರಿ ಇದ್ದ. ಅವನು ಹೊಸ ಕಾರು ಕೊಂಡ. ಅಂಥಿಂಥ ಕಾರಲ್ಲ. ಅದರ ಹೆಡ್‌ಲೈಟಿಗೆ ಬುದ್ಧಿ ಇತ್ತು. ವ್ಯಾಪಾರಿಗೆ ಎಷ್ಟಿತ್ತು ಎಂಬುದು ಮುಂದೆ ಬರುತ್ತದೆ.

ಕಾರು ಮನೆಗೆ ಬಂದ ದಿನ ಒಬ್ಬ ಮೆಕ್ಯಾನಿಕ್ ಜೊತೆಗೆ ಬಂದು ದೀಪದ ಗುಣವನ್ನು ವಿವರಿಸಿದ. ವ್ಯಾಪಾರಿ ಮೈಸೂರುಪಾಕು ಹಂಚುವುದರಲ್ಲಿದ್ದ. ಬಂದವರು ತಿನ್ನುವುದರಲ್ಲಿದ್ದರು. ಕೇಳಿಸಿಕೊಂಡವನು ನಾನೊಬ್ಬನೇ. ನನಗೆ ಯಾವುದನ್ನೂ ಎರಡು ಸಲ ಹೇಳಬೇಕಾಗಿಲ್ಲ. ಅರ್ಧ ಹೇಳುವಾಗಲೇ ಉಳಿದರ್ಧ ನನಗೆ ಹೊಳೆದಿತ್ತು. ಮೆಕ್ಯಾನಿಕ್ಕಿಗೆ ಬೇಸರವಾಗಬಾರದೆಂದು ಸುಮ್ಮನಿದ್ದೆ.

ಸಾಮಾನ್ಯ ಕಾರಿನ ದೀಪ ಕಾರಿನ ಮೂಗು ಇದ್ದ ಕಡೆಗೇ ನೋಡುತ್ತದೆ. ಘಟ್ಟದ ತಿರುವಿನಲ್ಲಿ ರಸ್ತೆ ಬಲಕ್ಕೆ ಹೊರಳಿದರೂ ದೀಪ ಮಾತ್ರ ನೇರವಾಗಿ ಕಣಿವೆಯನ್ನು ನೋಡುತ್ತಿರುತ್ತದೆ. ಬೀಳುವ ಮುನ್ನ ಬೀಳುವ ಜಾಗವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಈ ಕಾರಿನದು ಹಾಗಲ್ಲ. ಸ್ಟೇರಿಂಗು ಎಷ್ಟು ತಿರುಗಿತು, ಕಾರು ಎಷ್ಟು ವೇಗದಲ್ಲಿದೆ ಎಂಬ ಸುದ್ದಿ ದೀಪಕ್ಕೆ ಹೋಗುತ್ತದೆ. ಒಳಗಿನ ಪುಟ್ಟ ಮೋಟಾರು ದೀಪದ ಕತ್ತನ್ನು ತಿರುವಿನ ಕಡೆಗೆ ತಿರುಗಿಸುತ್ತದೆ. ಕಾರು ಹೋಗಬೇಕಾದಲ್ಲಿಗೆ ಬೆಳಕು ಮೊದಲೇ ಹೋಗಿ ನಿಂತಿರುತ್ತದೆ.

ಹಿಂದಿನ ಸೀಟಿನಲ್ಲಿ ಭಾರ ಹೆಚ್ಚಾದರೆ ಯಾವ ಕಾರಾದರೂ ಹಿಂದೆ ಕುಸಿದು ಮುಂದೆ ಮೂಗೆತ್ತುತ್ತದೆ. ಆಗ ಸಾಮಾನ್ಯ ದೀಪ ರಸ್ತೆಯನ್ನು ಬಿಟ್ಟು ಮರದ ಮೇಲೆ ಮಲಗಿರುವ ಕೋತಿಗಳನ್ನು ಎಬ್ಬಿಸುತ್ತದೆ. ಈ ದೀಪ ಭಾರ ಎಷ್ಟೆಂದು ಚಕ್ರದ ಕಡೆಯಿಂದ ತಿಳಿದುಕೊಂಡು ತಾನೇ ತಲೆ ತಗ್ಗಿಸುತ್ತದೆ. ಹೊರುವ ಭಾರ ಹೆಚ್ಚಾದಷ್ಟೂ ತಲೆ ತಗ್ಗಿಸುವುದನ್ನು ಯಾರೋ ಕಬ್ಬಿಣಕ್ಕೆ ಕಲಿಸಿದ್ದಾರೆ. ನಾನು ನಲವತ್ತು ವರ್ಷದಿಂದ ಮನುಷ್ಯರಿಗೆ ಕಲಿಸುತ್ತಿದ್ದೇನೆ. ಇರಲಿ.

ದೊಡ್ಡ ಗುಣ ಇನ್ನೊಂದಿತ್ತು. ಆ ದೀಪ ಒಂದು ದೀಪವಲ್ಲ. ಜೇನುಗೂಡಿನ ಕಣ್ಣುಗಳ ಹಾಗೆ ಹತ್ತಾರು ಸಣ್ಣ ದೀಪಗಳ ಗುಂಪು. ಮುಂದಿನ ಗಾಜಿನ ಒಳಗೆ, ಮೇಲೆ, ಸರಿಯಾಗಿ ನಡುವೆ, ಕನ್ನಡಿಯ ಹಿಂದೆ ಒಂದು ಕ್ಯಾಮೆರಾ. ಅದೇ ದೀಪದ ಕಣ್ಣು. ಎದುರಿನಿಂದ ಒಂದು ಗಾಡಿ ಬಂದರೆ ಈ ಕಣ್ಣು ಅದನ್ನು ಕಾಣುತ್ತದೆ. ಆ ಗಾಡಿ ಇರುವಷ್ಟು ಜಾಗಕ್ಕೆ ಬೆಳಕು ಕೊಡುವ ಸಣ್ಣ ದೀಪಗಳನ್ನು ಮಾತ್ರ ಆರಿಸುತ್ತದೆ. ಉಳಿದವು ಪೂರ್ತಿ ಉರಿಯುತ್ತಲೇ ಇರುತ್ತವೆ. ಎದುರಿನವನು ನೆರಳಿನದೊಂದು ಕೊಡೆ ಹಿಡಿದವನ ಹಾಗೆ ಆ ಬೆಳಕಿನೊಳಗೆ ನಡೆದು ಬರುತ್ತಾನೆ. ಅವನು ಸರಿದಂತೆ ನೆರಳೂ ಅವನ ಜೊತೆಗೆ ಸರಿಯುತ್ತದೆ. ಅವನು ದಾಟಿದ ಮೇಲೆ ಆರಿದ ದೀಪಗಳು ಮತ್ತೆ ಹೊತ್ತಿಕೊಳ್ಳುತ್ತವೆ. ನಮಗೆ ರಸ್ತೆಯ ಅಂಚು ಕಾಣುತ್ತದೆ, ಕಲ್ಲು ಕಾಣುತ್ತದೆ, ಅಡ್ಡ ಬಂದ ಹಂದಿ ಕಾಣುತ್ತದೆ. ಅವನಿಗೂ ಅವನ ದಾರಿ ಕಾಣುತ್ತದೆ. ನಮ್ಮ ಮುಂದೆ ಹೋಗುತ್ತಿರುವವನ ಬೆನ್ನಿಗೂ ಇದೇ ಮರ್ಯಾದೆ; ಅವನ ಕನ್ನಡಿಯಲ್ಲಿ ನಮ್ಮ ಬೆಳಕು ಚುಚ್ಚುವುದಿಲ್ಲ.

ಆ ಕಣ್ಣಿಗೆ ಏನಾದರೂ ಅಡ್ಡ ಬಂದರೆ ಏನು ಮಾಡುತ್ತದೆ ಎಂದು ನಾನು ಕೇಳಿದೆ. ಅಂಥ ಪ್ರಶ್ನೆ ಕೇಳಿದವರು ನೀವೇ ಮೊದಲು ಎಂದು ಮೆಕ್ಯಾನಿಕ್ ಬೆರಗಾದ. ಬೆರಗಾಗುವುದು ಸಹಜ. ಕಣ್ಣು ಕಾಣದಿದ್ದರೆ ಈ ದೀಪ ದೊಡ್ಡ ಬೆಳಕನ್ನು ಬಿಡಲು ಹೋಗುವುದಿಲ್ಲ. ಸಣ್ಣ ಬೆಳಕಿಗೆ ಇಳಿಯುತ್ತದೆ, ಗಾಜು ಒರೆಸಿ ಎಂದು ಮೀಟರಿನ ಹತ್ತಿರ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತದೆ ಎಂದ. ನೋಡು, ಸದ್ಯೋಜಾತ. ಎದುರಿಗೆ ಯಾರಿದ್ದಾರೆ ಎಂದು ತಿಳಿಯದಿದ್ದಾಗ ದನಿ ತಗ್ಗಿಸುವ ಬುದ್ಧಿ. ಒಂದು ಕಾರಿಗೆ.

ಮಾರನೆಯ ವಾರ ಆಯುಧಪೂಜೆ ಬಂತು. ವ್ಯಾಪಾರಿ ಕಾರಿಗೆ ಪೂಜೆ ಮಾಡಿಸಿದ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಎರಡು ಕಡೆಗೆ ಬಾಳೆಕಂದು. ಮುಂದೆ ಚೆಂಡುಹೂವಿನ ಹಾರ. ಒಡೆದ ಬೂದುಗುಂಬಳಕ್ಕೆ ಲೆಕ್ಕವಿಲ್ಲ. ಪೂಜೆಯ ಅಯ್ಯನವರು ಬಾನೆಟ್ಟಿನ ಮೇಲೆ ಸಣ್ಣದಾಗಿ ಮೂರೆಳೆ ವಿಭೂತಿ ಎಳೆದು ಕುಂಕುಮವಿಟ್ಟರು. ವ್ಯಾಪಾರಿಗೆ ಅದು ಸಾಕಾಗಲಿಲ್ಲ. ಹೊಟ್ಟೆಯ ಮೇಲೆ ಯಾರಾದರೂ ವಿಭೂತಿ ಇಡುತ್ತಾರೆಯೇ, ಹಣೆಗಲ್ಲವೇ ಇಡುವುದು ಎಂದ. ಕಾರಿನ ಹಣೆ ಯಾವುದು ಎಂದು ಹುಡುಕಿದ. ಮುಂದಿನ ಗಾಜಿನ ಮೇಲ್ಭಾಗ, ಸರಿಯಾಗಿ ನಡುವೆ. ಅಲ್ಲಿ ತಾನೇ ವಿಭೂತಿಯನ್ನು ನೀರಿನಲ್ಲಿ ಕಲಸಿ ನಾಲ್ಕು ಬೆರಳಿನಿಂದ ದಪ್ಪಗೆ ಬಳಿದ. ನಡುವೆ ಅಂಗೈಯಗಲ ಕುಂಕುಮ. ಕುಂಕುಮ ಅವನ ಅಂಗಡಿಯದೇ, ಅವನ ಅರಿಸಿನದಿಂದಲೇ ಆದದ್ದು. ಕೈ ಹಿಡಿಯುವ ಕಾರಣವಿರಲಿಲ್ಲ. ಅದು ಒಣಗಿ ಗೋಡೆಯ ಗಾರೆಯ ಹಾಗೆ ಗಟ್ಟಿಯಾಯಿತು.

ಕಾರಿನ ಕಣ್ಣು ಅದರ ಹಿಂದೆ ಇತ್ತು.

ಮರುದಿನ ವಿಜಯದಶಮಿ. ಆ ದಿನ ವ್ಯಾಪಾರಿಯ ಒಬ್ಬಳೇ ಮಗಳಿಗೆ ಗಂಡು ಗೊತ್ತಾಗಬೇಕಿತ್ತು. ಬೆಟ್ಟದ ಮೇಲಿನ ದೇವರ ಮುಂದೆ ಎರಡೂ ಕಡೆಯವರು ತಾಂಬೂಲ ಬದಲಾಯಿಸಿದರೆ ಮಾತು ಗಟ್ಟಿಯಾದ ಹಾಗೆ. ಅದು ಆ ಕಡೆಯವರ ಪದ್ಧತಿ. ಅದಕ್ಕೂ ಮುಂಚೆ ಯಾರು ಬೇಕಾದರೂ ಹಿಂದೆ ಸರಿಯಬಹುದು, ಯಾರೂ ಕಾರಣ ಕೇಳುವಂತಿಲ್ಲ. ಮಗಳಿಗೆ ಆ ಗಂಡು ಮನಸ್ಸಿಗೆ ಬಂದಿದ್ದ. ಅವಳು ತಾಯಿಯ ಜೊತೆ ಬೆಳಗ್ಗೆಯೇ ಬೆಟ್ಟಕ್ಕೆ ಹೋಗಿ ಹೂವು ಕಟ್ಟುತ್ತಾ ಕಾಯುತ್ತಿದ್ದಳು. ಗಂಡು ನೇರವಾಗಿ ತನ್ನ ಊರಿನಿಂದ ಅಲ್ಲಿಗೆ ಬರುವವನಿದ್ದ. ಗಂಡಿನ ತಂದೆ, ತಾಯಿ, ಅಜ್ಜಿ, ಈ ಮೂವರನ್ನು ಕಾರಿನಲ್ಲಿ ಕರೆತರುವುದು ವ್ಯಾಪಾರಿಯ ಪಾಲಿಗೆ ಬಂದಿತ್ತು. ತಾಂಬೂಲದ ಹೊತ್ತಿಗೆ ನಾಲ್ಕು ಒಳ್ಳೆಯ ಮಾತು ಹೇಳಲು ನಾನು. ಇಂಥ ಕೆಲಸಕ್ಕೆ ನನ್ನನ್ನು ಕರೆಯದೆ ಆ ಸೀಮೆಯಲ್ಲಿ ಎಲೆಯಡಿಕೆಯೇ ಕೆಂಪಗಾಗುತ್ತಿರಲಿಲ್ಲ.

ಬೀಗರಾಗುವವರು ಮಧ್ಯಾಹ್ನ ಮೂರು ಗಂಟೆಗೇ ಬಂದರು. ನಾಲ್ಕಕ್ಕೆ ಹೊರಟಿದ್ದರೆ ಹಗಲಿನಲ್ಲೇ ಬೆಟ್ಟ ಮುಟ್ಟಬಹುದಿತ್ತು. ವ್ಯಾಪಾರಿ ಹೊರಡಲಿಲ್ಲ. ಒಂದು ಸಲ ಕಾಫಿ ಕೊಟ್ಟ. ಬೋಂಡಾ ಕೊಟ್ಟ. ಮತ್ತೆ ಕಾಫಿ ಕೊಟ್ಟ. ಗೋಡೌನಿನಲ್ಲಿದ್ದ ಅರಿಸಿನದ ಮೂಟೆಗಳನ್ನು ತೋರಿಸಿದ. ಏಕೆಂದರೆ ಹಗಲಿನಲ್ಲಿ ದೀಪ ಹಾಕಲಾಗುವುದಿಲ್ಲ. ದೀಪ ತೋರಿಸದೆ ಆ ಕಾರಿನಲ್ಲಿ ಬೀಗರನ್ನು ಕರೆದೊಯ್ದು ಏನು ಬಂತು ಎಂಬುದು ಅವನ ಲೆಕ್ಕ. ಸೂರ್ಯ ಮುಳುಗಿ ಕತ್ತಲಾಗಲಿ ಎಂದು ಅಂಗಳದಲ್ಲಿ ನಿಂತು ಆಕಾಶವನ್ನು ನೋಡಿ ಬೇಸರಪಟ್ಟುಕೊಂಡವನನ್ನು ನಾನು ಅವನೊಬ್ಬನನ್ನೇ ಕಂಡದ್ದು.

ನಾನು ಗಾಜನ್ನು ನೋಡಿದೆ. ನನಗೆ ತಕ್ಷಣ ತಿಳಿಯಿತು. ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅಯ್ಯಾ, ದೀಪದ ಕಣ್ಣು ಅಲ್ಲಿದೆ, ಅಂಗೈಯಗಲ ಜಾಗ ಒರೆಸು, ಉಳಿದದ್ದು ಬೇಕಾದರೆ ಇರಲಿ ಎಂದೆ. ಅವನು ನನ್ನನ್ನು ಕರುಣೆಯಿಂದ ನೋಡಿದ.

“ಗುರುಗಳೇ, ನೀವು ವಚನ ನೋಡಿಕೊಳ್ಳಿ, ಕಾರು ನಾನು ನೋಡಿಕೊಳ್ಳುತ್ತೇನೆ. ಶುಭಕಾರ್ಯಕ್ಕೆ ಹೊರಟಾಗ ಹಣೆಯ ಕುಂಕುಮ ಒರೆಸಿಕೊಂಡು ಹೋಗುವವರು ಎಲ್ಲಾದರೂ ಉಂಟೇ?”

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ. ಅವನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಕತ್ತಲಾಯಿತು. ಹೊರಟೆವು. ಗಂಡಿನ ತಂದೆಯನ್ನು ಮುಂದೆ ಕೂರಿಸಿದ. ಹಿಂದೆ ಗಂಡಿನ ತಾಯಿ, ಅಜ್ಜಿ, ಅಜ್ಜಿಯ ಮಡಿಲಲ್ಲಿ ಹಣ್ಣಿನ ಬುಟ್ಟಿ, ಬುಟ್ಟಿಗೂ ಬಾಗಿಲಿಗೂ ನಡುವೆ ನಾನು. ಘಟ್ಟದ ಬುಡ ಬಂದ ಕೂಡಲೇ ವ್ಯಾಪಾರಿ, ಈಗ ನೋಡಿ ಎಂದ. ಎಲ್ಲರೂ ನೋಡಿದೆವು. ದೀಪ ಸಣ್ಣ ಬೆಳಕಿನಲ್ಲೇ ಇತ್ತು. ಮೀಟರಿನ ಹತ್ತಿರ ಒಂದು ಸಾಲು ಇಂಗ್ಲಿಷ್ ಅಕ್ಷರ ಹೊತ್ತಿಕೊಂಡಿತು. ಅದೇನು ಎಂದು ಗಂಡಿನ ತಂದೆ ಕೇಳಿದರು. ಹಬ್ಬದ ಶುಭಾಶಯ ಎಂದು ವ್ಯಾಪಾರಿ ಹೇಳಿದ.

ಆದರೂ ಅವನಿಗೆ ಒಳಗೊಳಗೇ ಇರುಸುಮುರುಸಾಯಿತು. ಮೂರು ದಿನದಿಂದ ಹೊಗಳಿದ್ದ ದೀಪ. ಎರಡು ತಿರುವು ದಾಟಿದ ಮೇಲೆ ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ಕೈಯಿಂದಲೇ ತಳ್ಳಿ ದೊಡ್ಡ ಬೆಳಕು ಹಾಕಿದ. ಈಗ ಏನಾಯಿತು ತಿಳಿಯಿತೇ? ತಿರುವಿನ ಕಡೆಗೆ ಕತ್ತು ತಿರುಗಿಸುವ ಬುದ್ಧಿ ಸರಿಯಾಗಿಯೇ ಇತ್ತು. ಕಣ್ಣು ಮಾತ್ರ ಕಟ್ಟಿತ್ತು. ಆದ್ದರಿಂದ ಆ ದೀಪ ಪ್ರತಿ ತಿರುವಿನಲ್ಲಿಯೂ ಕಾರಿಗಿಂತ ಮೊದಲೇ ಕತ್ತು ಹೊರಳಿಸಿ, ಎದುರಿನಿಂದ ಬರುವವನ ಮುಖವನ್ನು ಹುಡುಕಿಕೊಂಡು ಹೋಗಿ ಬಡಿಯತೊಡಗಿತು.

ಮೊದಲು ಸಿಕ್ಕವನು ಒಬ್ಬ ಬೈಕಿನವನು. ಅವನು ಬೈಕು ನಿಲ್ಲಿಸಿ, ಮೊಣಕೈಯಿಂದ ಕಣ್ಣು ಮುಚ್ಚಿಕೊಂಡು, ವ್ಯಾಪಾರಿಯ ಮನೆತನದ ಬಗ್ಗೆ ಕೆಲವು ವಿಷಯ ಹೇಳಿದ. ಬೀಗರಾಗುವವರು ಕೇಳಬಾರದ ವಿಷಯಗಳು. ಗಂಡಿನ ತಂದೆ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಆಮೇಲೆ ತರಕಾರಿಯ ವ್ಯಾನು ಬಂತು. ಅದರವನು ತಾನೂ ದೊಡ್ಡ ಬೆಳಕು ಹಾಕಿ ಸೇಡು ತೀರಿಸಿಕೊಂಡ. ಎರಡೂ ಗಾಡಿಯವರು ಕುರುಡರಾಗಿ, ಹಾರನ್ನು ಹೊಡೆಯುತ್ತಾ, ಒಂದು ಗೇಣಿನ ಅಂತರದಲ್ಲಿ ದಾಟಿದರು. ಜನಕ್ಕೆ ಮರ್ಯಾದೆ ಇಲ್ಲ ಎಂದು ವ್ಯಾಪಾರಿ ಬೀಗರಿಗೆ ಹೇಳಿದ. ಒಳ್ಳೆಯ ಬೆಳಕು ಕಂಡು ಅಭ್ಯಾಸವಿಲ್ಲ, ಪಾಪ ಎಂದೂ ಹೇಳಿದ.

ಮಂಜು ಇಳಿಯಿತು. ಗಾಜು ಮಸುಕಾಯಿತು. ವೈಪರ್ ಹಾಕಿ ಎಂದು ಗಂಡಿನ ತಾಯಿ ಮೆಲ್ಲಗೆ ಹೇಳಿದರು. ವೈಪರ್ ಹಾಕಿದರೆ ವಿಭೂತಿ ಅಳಿಸಿಹೋಗುತ್ತದೆ ಎಂದು ವ್ಯಾಪಾರಿ ಕಿಟಕಿಯಿಂದ ಕೈ ಹೊರಗೆ ಚಾಚಿ ಕರವಸ್ತ್ರದಿಂದ ತನ್ನ ಮುಂದಿನಷ್ಟನ್ನೇ ಒರೆಸಿಕೊಂಡ. ಒಂದು ಕೈಯಲ್ಲಿ ಸ್ಟೇರಿಂಗು. ಹಿಂದೆ ಅಜ್ಜಿ ಕಣ್ಣು ಮುಚ್ಚಿ ಶಿವನ ಹೆಸರು ಹೇಳುತ್ತಿದ್ದರು. ಶಿವನ ಹೆಸರನ್ನು ಅಷ್ಟು ವೇಗವಾಗಿ ಹೇಳಿದ್ದನ್ನು ನಾನು ಯಾವ ಮಠದಲ್ಲಿಯೂ ಕೇಳಿಲ್ಲ. ಆ ಕಣ್ಣಿನ ಜಾಗ ಒರೆಸು ಎಂದು ನಾನು ಎರಡನೆಯ ಸಲ ಹೇಳಿದೆ. ಮೂರನೆಯ ಸಲ ಹೇಳಿದೆ. ನನ್ನ ಮಾತಿಗೆ ಬೆಟ್ಟದ ಬಂಡೆ ಅಲ್ಲಾಡುತ್ತದೆ, ಅವನು ಅಲ್ಲಾಡಲಿಲ್ಲ.

ಒಂಬತ್ತನೆಯ ತಿರುವಿನಲ್ಲಿ ಮೇಲಿನಿಂದ ಒಂದು ಬಸ್ಸು ಇಳಿದು ಬಂತು. ಘಟ್ಟದಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಆ ಡ್ರೈವರು ತಿಳಿದವನು. ಬಸ್ಸನ್ನು ಅಂಚಿಗೆ ಸರಿಸಿ ನಿಲ್ಲಲು ಹೋದ. ಅಷ್ಟರಲ್ಲಿ ನಮ್ಮ ದೀಪ ಕತ್ತು ತಿರುಗಿಸಿ ಅವನ ಮುಖಕ್ಕೆ ಬಡಿಯಿತು. ಅವನಿಗೆ ಅಂಚು ಎಲ್ಲಿದೆ ಎಂದು ತಿಳಿಯದಾಯಿತು. ಅವನು ಇದ್ದಲ್ಲೇ ನಿಂತ. ಬಸ್ಸು ತಿರುವಿನ ಅಡ್ಡಕ್ಕೆ ನಿಂತಿತು. ಒಂದು ಕಡೆ ಬಂಡೆ. ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಕಟ್ಟೆಯಾಚೆ ಏನೂ ಇಲ್ಲ. ಬಸ್ಸಿನ ಹಿಂದಿನ ಚಕ್ರ ಕಟ್ಟೆಗೆ ಒಂದು ಮೊಳ ದೂರದಲ್ಲಿತ್ತು. ಒಳಗೆ ದೇವರ ದರ್ಶನ ಮುಗಿಸಿ ಬಂದ ನಲವತ್ತು ಜನ ಇದ್ದರು. ಕಂಡಕ್ಟರು ಇಳಿದು ಹಿಂದಕ್ಕೆ ಓಡಿ ಸೀಟಿ ಊದತೊಡಗಿದ.

ಬಸ್ಸಿನ ಡ್ರೈವರು ಇಳಿದು ನಮ್ಮ ಕಿಟಕಿಯ ಹತ್ತಿರ ಬಂದ. ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಕಣ್ಣುಜ್ಜಿಕೊಳ್ಳುತ್ತಾ ಹೇಳಿದ.

“ಸ್ವಾಮಿ, ಲೈಟು ಸ್ವಲ್ಪ ತಗ್ಗಿಸಿ. ನನಗೆ ಏನೂ ಕಾಣುತ್ತಿಲ್ಲ.”

“ಇದಕ್ಕೆ ಬುದ್ಧಿ ಇದೆ ಕಣಯ್ಯ. ಎದುರಿಗೆ ಗಾಡಿ ಇದ್ದರೆ ತಾನೇ ತಗ್ಗಿಸಿಕೊಳ್ಳುತ್ತದೆ.”

“ತಗ್ಗಿಸಿಕೊಂಡಿಲ್ಲವಲ್ಲ.”

“ಹಾಗಾದರೆ ದೋಷ ನಿನ್ನ ಕಣ್ಣಿನಲ್ಲಿರಬೇಕು.”

ಡ್ರೈವರು ವ್ಯಾಪಾರಿಯ ಮುಖವನ್ನು ಒಂದು ಗಳಿಗೆ ನೋಡಿ ಬಸ್ಸಿಗೆ ಹಿಂತಿರುಗಿದ. ಕೈ ಅಡ್ಡ ಹಿಡಿದುಕೊಂಡು, ಸೀಟಿಯ ಸದ್ದನ್ನು ನಂಬಿ, ಬಸ್ಸನ್ನು ಹಿಂದಕ್ಕೆ ತೆಗೆಯಲು ನೋಡಿದ. ಚಕ್ರ ಹಿಂದೆ ಸರಿಯಿತು. ಕಟ್ಟೆಯ ಒಂದು ಕಲ್ಲು ಕಳಚಿ ಕೆಳಗಿನ ಕಣಿವೆಗೆ ಬಿತ್ತು. ಅದು ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಬಸ್ಸಿನೊಳಗೆ ಹೆಂಗಸರು ಕೂಗಿಕೊಂಡರು. ವ್ಯಾಪಾರಿ ಬೀಗರ ಕಡೆ ತಿರುಗಿ, ನೋಡಿದಿರಾ, ಓಡಿಸಲು ಬಾರದವರ ಕೈಗೆಲ್ಲ ಬಸ್ಸು ಕೊಡುತ್ತಾರೆ ಎಂದ.

ಗಂಡಿನ ತಂದೆ ಬಾಗಿಲು ತೆರೆದು ಇಳಿದರು. ಹಿಂದೆಯೇ ಗಂಡಿನ ತಾಯಿ ಇಳಿದರು. ಹಣ್ಣಿನ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು ಅಜ್ಜಿ ಇಳಿದರು. ಬುಟ್ಟಿಯನ್ನು ಸೀಟಿನ ಮೇಲಿಟ್ಟು ನಾನೂ ಇಳಿದೆ. ವ್ಯಾಪಾರಿ ಒಬ್ಬನೇ ಉಳಿದ. ಸೀಟು ಸರಿಯಿಲ್ಲವೇ, ಏಸಿ ಹೆಚ್ಚಾಯಿತೇ ಎಂದು ಒಳಗಿನಿಂದ ಕೇಳುತ್ತಿದ್ದ. ಅವನ ಮಗಳ ಮದುವೆಯ ಮಾತು ಆ ರಸ್ತೆಯಲ್ಲಿ, ಆ ಮಂಜಿನಲ್ಲಿ, ಕಾಲು ಚಳಿಗೆ ನಡುಗುತ್ತಾ ನಿಂತಿತ್ತು. ಅವನಿಗೆ ಅದು ಕಾಣಲಿಲ್ಲ.

ಆಗ ಅಜ್ಜಿ ಕಾರಿನ ಮುಂದೆ ಬಂದರು. ಎಂಬತ್ತು ವರ್ಷದ ಜೀವ. ಕೈಗೆ ಎಟುಕಲಿಲ್ಲ. ಬಂಪರಿನ ಮೇಲೆ ಕಾಲಿಟ್ಟು, ಬಾನೆಟ್ಟಿನ ಮೇಲೆ ಮೊಣಕಾಲೂರಿ, ಚೆಂಡುಹೂವಿನ ಹಾರವನ್ನು ಹಿಡಿದುಕೊಂಡು ಮೇಲೇರಿದರು. ಸೆರಗನ್ನು ಮಂಜಿನ ನೀರಿನಲ್ಲಿ ಒದ್ದೆ ಮಾಡಿ ಕಾರಿನ ಹಣೆಯನ್ನು ಒರೆಸತೊಡಗಿದರು. ವ್ಯಾಪಾರಿ ಒಳಗಿನಿಂದ ಅಯ್ಯಯ್ಯೋ, ಅಪಶಕುನ ಎಂದ.

“ನನ್ನ ಹಣೆಯದನ್ನೇ ಹತ್ತು ಜನ ಸೇರಿ ಒರೆಸಿದರಪ್ಪ. ಆಗ ಯಾರಿಗೂ ಇಷ್ಟು ಸಂಕಟವಾಗಲಿಲ್ಲ,” ಎಂದು ಅಜ್ಜಿ ಹೇಳಿದರು. ಒರೆಸುವುದನ್ನು ನಿಲ್ಲಿಸಲಿಲ್ಲ.

ಕಣ್ಣು ತೆರೆಯಿತು. ಮೀಟರಿನ ಹತ್ತಿರದ ಅಕ್ಷರಗಳು ಹೋದವು. ಕಡ್ಡಿಯನ್ನು ಬಿಡು ಎಂದು ನಾನು ವ್ಯಾಪಾರಿಗೆ ಹೇಳಿದೆ. ಆ ಸಲ ಕೇಳಿದ. ದೀಪದ ನಡುವೆ ಬಸ್ಸಿನಗಲದ ಒಂದು ನೆರಳು ಬಿತ್ತು. ಅದರ ಸುತ್ತ ಬಂಡೆ, ಕಟ್ಟೆ, ಕಟ್ಟೆಯಿಂದ ಕಳಚಿದ ಕಲ್ಲಿನ ಜಾಗ, ಎಲ್ಲವೂ ಹಗಲಿನ ಹಾಗೆ ಕಂಡವು. ಡ್ರೈವರು ಕಣ್ಣಿನಿಂದ ಕೈ ತೆಗೆದ. ಬಸ್ಸನ್ನು ಮೊಳಮೊಳವಾಗಿ ಮುಂದೆ ತಂದು ಅಂಚಿಗೆ ನಿಲ್ಲಿಸಿ ನಮಗೆ ದಾರಿ ಬಿಟ್ಟ. ನಾವು ಮತ್ತೆ ಕಾರು ಹತ್ತಿ ದಾಟುವಾಗ ಕೈಯೆತ್ತಿದ. ಹದಿನಾಲ್ಕನೆಯ ತಿರುವಿನಲ್ಲಿ ವ್ಯಾಪಾರಿ, ನನಗೆ ಕಾಣಲಿಲ್ಲ ಎಂದಷ್ಟೇ ಹೇಳಿದ. ಗಂಡಿನ ತಂದೆ, ಇರಲಿ ಬಿಡಿ ಎಂದರು. ಬೆಟ್ಟದ ಮೇಲೆ ತಾಂಬೂಲ ಬದಲಾಯಿತು. ನಾನು ಹೇಳಿದ ನಾಲ್ಕು ಮಾತಿಗೆ ದೇವಸ್ಥಾನದ ಗಂಟೆ ತಾನಾಗಿಯೇ ಮೊಳಗಿತು.

ಮರಿದೇವಯ್ಯನವರು ಅಲ್ಲಿಗೆ ನಿಲ್ಲಿಸಿದರು. ನೀರು ಕುಡಿದರು. ಶಿಷ್ಯನನ್ನು ನೋಡಿದರು.

ಸದ್ಯೋಜಾತನ ಮುಖ ಅರಳಿತ್ತು. ಎಂಥ ಮೂರ್ಖ ವ್ಯಾಪಾರಿ ಎಂದು ಮೊದಲು ನಕ್ಕ. ಆಮೇಲೆ ನಗು ನಿಂತಿತು. ಮಗನನ್ನು ಕಳೆದುಕೊಂಡ ತಾಯಿ, ಹೊಸ ದಂಪತಿ, ಬಸ್ಸು ಹಿಡಿಯಬೇಕಾದ ನಾಲ್ವರು ಒಬ್ಬೊಬ್ಬರಾಗಿ ನೆನಪಿಗೆ ಬಂದಿರಬೇಕು. ತಾನು ಪ್ರವಚನ ಶುರು ಮಾಡಿದೊಡನೆ ಭಕ್ತಿಯಿಂದ ಕಣ್ಣು ಮುಚ್ಚಿಕೊಳ್ಳುತ್ತೇನೆ, ಮಂಗಳ ಹೇಳುವ ತನಕ ತೆರೆಯುವುದಿಲ್ಲ, ಯಾರು ಏಕೆ ಬಂದಿದ್ದಾರೆಂದು ಇವತ್ತಿನವರೆಗೆ ನೋಡಿಲ್ಲ ಎಂದು ತಾನೇ ಒಪ್ಪಿಕೊಂಡ. ಎದ್ದು ಹೋದವರ ವಿಷಯವನ್ನು ತನಗೆ ಹೇಳಿದವನು ಮೈಕಿನವನು ಎಂದ. ಒಪ್ಪಿಕೊಂಡವನಿಗೆ ಮನಸ್ಸು ಹಗುರವಾಯಿತು. ಹಗುರವಾದ ಕೂಡಲೇ ಹಳೆಯ ಉತ್ಸಾಹ ಮರಳಿತು.

“ಆದರೂ ಭಯವಿಲ್ಲ ಗುರುಗಳೇ. ಕಣ್ಣು ಮುಚ್ಚಿಕೊಂಡು ಮಾತನಾಡಿದರೆ ಪ್ರವಚನಕ್ಕೆ ಒಂದು ಗಾಂಭೀರ್ಯ ಬರುತ್ತದೆ, ಅದನ್ನು ಒಮ್ಮೆಗೇ ಬಿಡಲಾಗದು. ನಾನು ಎಲ್ಲಿಯಾದರೂ ತಪ್ಪಿದರೆ, ಆ ಅಜ್ಜಿಯ ಹಾಗೆ ಕೇಳುಗರಲ್ಲಿ ಯಾರಾದರೂ ಒಬ್ಬರು ಎದ್ದು ಬಂದು ತಿಳಿಸಿಯೇ ತಿಳಿಸುತ್ತಾರೆ.”

ಅವನು ಇನ್ನೂ ಹೇಳುವವನಿದ್ದ. ಗುರುಗಳು ಕೈಯೆತ್ತಿ ಒಂದು ಸಾಲು ಹೇಳಿದರು. ಅದನ್ನು ಕೇಳಿದ ಮೇಲೆ ಅವನು ಆ ದಿನ ಮತ್ತೆ ಬಾಯಿ ತೆರೆಯಲಿಲ್ಲ.

“ಈ ಕತೆಯಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು ಕಣಪ್ಪ: ಅಜ್ಜಿ ಇಳಿದು ಹೋದದ್ದು ನಿಜ, ಒರೆಸಿದ್ದು ಸುಳ್ಳು.”